ಬಡ ಬಡಾವಣೆಗಳಲ್ಲಿ ಅಪರಾಧ ಜಾಸ್ತಿ ಯಾಕೆ? ಬಡತನ ಕಾರಣವಾ, ಬೀದಿಯ ಅವ್ಯವಸ್ಥೆ ಕಾರಣವಾ?

ಸಂಜೆ ಓದುಗ

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ತಲೆ ಕೊರೆಯುತ್ತಿರುವ ಒಂದು ಪ್ರಶ್ನೆ ಕೇಳುತ್ತಿದ್ದೇನೆ.

ಸುಲಿಗೆ, ಹೊಡೆದಾಟದ ಸುದ್ದಿ ಬಂದಾಗಲೆಲ್ಲ ನಮ್ಮ ಆಫೀಸಿನಲ್ಲಿ ಒಂದೇ ಮಾತು: "ಆ ಏರಿಯಾನೇ ಹಾಗೆ ಬಿಡಿ." ನಾನು ಹುಟ್ಟಿ ಬೆಳೆದದ್ದು ಅಂಥದ್ದೇ ಏರಿಯಾದಲ್ಲಿ. ಅಲ್ಲಿನ ಬಹುಪಾಲು ಜನ ಬೆಳಗಾಗುವ ಮೊದಲೇ ಎದ್ದು ದುಡಿಯಲು ಹೋಗುವವರು. ಇನ್ನೊಬ್ಬರ ವಸ್ತು ಮುಟ್ಟಿದವರಲ್ಲ. ಹಾಗಿದ್ದೂ ಕತ್ತಲಾದ ಮೇಲೆ ನಮ್ಮ ಬೀದಿಯಲ್ಲಿ ಹೆಣ್ಣುಮಕ್ಕಳು ಒಬ್ಬರೇ ಓಡಾಡುತ್ತಿರಲಿಲ್ಲ. ಎರಡೂ ನಿಜ.

ಬಡತನವೇ ಅಪರಾಧ ಹುಟ್ಟಿಸುತ್ತದೆ ಅನ್ನುವುದಾದರೆ ಇಷ್ಟು ಜನ ಬಡವರು ಯಾಕೆ ಅಪರಾಧ ಮಾಡುವುದಿಲ್ಲ? ಇಲ್ಲ ಅನ್ನುವುದಾದರೆ ಬಡ ಬಡಾವಣೆಗಳಲ್ಲೇ ಯಾಕೆ ಜಾಸ್ತಿ? ಕಸ, ಒಡೆದ ಬೀದಿದೀಪ, ಮೂಲೆಯಲ್ಲಿ ಕುಡಿಯುತ್ತಾ ಕೂತವರು, ಇವುಗಳ ಪಾಲೆಷ್ಟು? ಓದಿಕೊಂಡವರು, ಅನುಭವ ಇದ್ದವರು ಹೇಳಿ.

ಹಳೇ ಮೇಷ್ಟ್ರು

ಒಳ್ಳೆಯ ಪ್ರಶ್ನೆ. ಸಮಾಜಶಾಸ್ತ್ರ ಪಾಠ ಮಾಡಿದವನು ನಾನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಈ ಪ್ರಶ್ನೆಯನ್ನು ಮೊದಲು ಗಟ್ಟಿಯಾಗಿ ಕೈಗೆತ್ತಿಕೊಂಡವರು ಅಮೆರಿಕದ ಶಿಕಾಗೊ ನಗರದಲ್ಲಿದ್ದ ಸಂಶೋಧಕರಾದ ಕ್ಲಿಫರ್ಡ್ ಶಾ ಮತ್ತು ಹೆನ್ರಿ ಮೆಕೇ. ಬಾಲಾಪರಾಧಿಗಳ ಕೋರ್ಟಿನ ದಾಖಲೆ ತೆಗೆದು, ಒಬ್ಬೊಬ್ಬ ಹುಡುಗನ ಮನೆ ಎಲ್ಲಿದೆ ಅಂತ ನಗರದ ನಕ್ಷೆ ಮೇಲೆ ಗುರುತು ಹಾಕಿದರು. 1900ರ ಆಸುಪಾಸಿನಿಂದ 1930ರ ದಶಕದವರೆಗಿನ ದಾಖಲೆಗಳು ಅವು. ಎಲ್ಲ ಸೇರಿಸಿ 1942ರಲ್ಲಿ ಪ್ರಕಟಿಸಿದರು.

ಆ ನಕ್ಷೆಯಲ್ಲಿ ಕಂಡದ್ದು ಏನು ಗೊತ್ತಾ? ನಗರದ ನಡುಭಾಗಕ್ಕೆ ಅಂಟಿಕೊಂಡ, ಕಾರ್ಖಾನೆಗಳ ಪಕ್ಕದ ಕೆಲವು ಬಡಾವಣೆಗಳಲ್ಲಿ ಬಾಲಾಪರಾಧ ಯಾವಾಗಲೂ ಜಾಸ್ತಿ. ಅಲ್ಲಿ ಮೊದಲು ಜರ್ಮನ್, ಐರಿಶ್ ವಲಸಿಗರಿದ್ದರು. ಅವರು ಸ್ವಲ್ಪ ದುಡ್ಡು ಮಾಡಿಕೊಂಡು ಬೇರೆ ಕಡೆ ಹೋದರು. ಆ ಜಾಗಕ್ಕೆ ಪೋಲೆಂಡಿನವರು, ಇಟಲಿಯವರು ಬಂದರು. ಆಮೇಲೆ ದಕ್ಷಿಣದ ರಾಜ್ಯಗಳಿಂದ ಕಪ್ಪು ಜನ ಬಂದರು. ವಾಸ ಮಾಡುವ ಜನ ಪೂರ್ತಿ ಬದಲಾದರೂ ಆ ಜಾಗದ ಅಪರಾಧದ ಪ್ರಮಾಣ ಮೇಲೇ ಉಳಿಯಿತು. ಬಿಟ್ಟು ಹೋದವರ ಮಕ್ಕಳಲ್ಲಿ ಮಾತ್ರ ಅದು ಇಳಿಯಿತು.

ಅಂದರೆ ತಪ್ಪು ಆ ಜನರ ರಕ್ತದಲ್ಲಿ ಇರಲಿಲ್ಲ, ಜಾತಿಯಲ್ಲಿ ಇರಲಿಲ್ಲ. "ಆ ಏರಿಯಾದವರೇ ಹಾಗೆ" ಅನ್ನುವ ಮಾತು ಅವತ್ತೇ ಬಿದ್ದುಹೋಗಬೇಕಿತ್ತು. ಇನ್ನೂ ಬಿದ್ದಿಲ್ಲ ಅನ್ನುವುದೇ ನನಗೆ ಬೇಜಾರು.

ಶಾ, ಮೆಕೇ ಮೂರು ವಿಷಯಗಳನ್ನು ಒಟ್ಟಿಗೆ ನೋಡಿದರು. ಬಡತನ. ಒಂದು ಕಡೆ ನಿಲ್ಲದೆ ಬಂದು ಹೋಗುವ ಜನ. ಒಬ್ಬರ ಭಾಷೆ, ರೀತಿ ಇನ್ನೊಬ್ಬರಿಗೆ ಗೊತ್ತಿಲ್ಲದಿರುವುದು. ಈ ಮೂರೂ ಸೇರಿದ ಕಡೆ ನೆರೆಹೊರೆ ಅನ್ನುವುದು ಬೆಳೆಯುವುದೇ ಇಲ್ಲ. ಪಕ್ಕದ ಮನೆ ಹುಡುಗ ದಾರಿ ತಪ್ಪುತ್ತಿದ್ದರೆ ಕರೆದು ಕೇಳುವವರು ಇರುವುದಿಲ್ಲ.

ಖಡಕ್ ಮಾತು

ಮೇಷ್ಟ್ರೇ, ನಿಮ್ಮ ಮಾತಿಗೆ ಗೌರವ ಇದೆ. ಆದರೆ ಬಡತನ ಹೋಗುವವರೆಗೆ ಕಾಯಿರಿ ಅಂತ ಜನರಿಗೆ ಹೇಳಕ್ಕಾಗಲ್ಲ. ಕಣ್ಣಿಗೆ ಕಾಣುವ ಅವ್ಯವಸ್ಥೆಯನ್ನು ಮೊದಲು ಸರಿ ಮಾಡಬೇಕು ಅನ್ನುವುದು ನನ್ನ ವಾದ.

ಅಮೆರಿಕದ ವಿದ್ವಾಂಸರಾದ ಜೇಮ್ಸ್ ವಿಲ್ಸನ್ ಮತ್ತು ಜಾರ್ಜ್ ಕೆಲಿಂಗ್ 1982ರಲ್ಲಿ ಹೇಳಿದ್ದು ಇದನ್ನೇ. ಒಂದು ಕಟ್ಟಡದ ಕಿಟಕಿ ಗಾಜು ಒಡೆದು, ಅದನ್ನು ಯಾರೂ ರಿಪೇರಿ ಮಾಡದಿದ್ದರೆ ಉಳಿದ ಗಾಜುಗಳೂ ಒಡೆಯುತ್ತವೆ. ಇಲ್ಲಿ ಕೇಳುವವರಿಲ್ಲ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಒಳ್ಳೆಯವರು ಮನೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾರೆ. ಬೀದಿ ಬೇರೆಯವರ ಕೈಗೆ ಹೋಗುತ್ತದೆ.

ಇದು ಬರೀ ಊಹೆ ಅಲ್ಲ. ನೆದರ್‌ಲ್ಯಾಂಡ್ಸ್‌ನ ಗ್ರೊನಿಂಗೆನ್ ನಗರದಲ್ಲಿ ಸಂಶೋಧಕರು ಒಂದು ಅಂಚೆಪೆಟ್ಟಿಗೆಯಿಂದ ಅರ್ಧ ಹೊರಗೆ ಚಾಚಿಕೊಂಡ ಹಾಗೆ ಒಂದು ಲಕೋಟೆ ಸಿಕ್ಕಿಸಿದರು. ಒಳಗೆ 5 ಯೂರೊ ನೋಟು ಇದೆ ಅಂತ ಹೊರಗಿನಿಂದಲೇ ಕಾಣುತ್ತಿತ್ತು. ಪೆಟ್ಟಿಗೆ ಚೊಕ್ಕಟವಾಗಿದ್ದಾಗ ಹಾದುಹೋದವರಲ್ಲಿ 13% ಜನ ಲಕೋಟೆ ಕದ್ದರು. ಪೆಟ್ಟಿಗೆ ಮೇಲೆ ಬಣ್ಣದಲ್ಲಿ ಗೀಚಿದ್ದಾಗ 27%. ಸುತ್ತ ಕಸ ಬಿದ್ದಿದ್ದಾಗ 25%. ಅದೇ ನಗರ, ಅದೇ ಜಾಗ. 2008ರಲ್ಲಿ ಇದು ಪ್ರಕಟವಾಯಿತು. ಬಡತನಕ್ಕೂ ಇದಕ್ಕೂ ಏನು ಸಂಬಂಧ, ಹೇಳಿ?

ಲೆಕ್ಕದವಳು

ಖಡಕ್ ಸರ್, ಗ್ರೊನಿಂಗೆನ್ ಪ್ರಯೋಗ ಚೆನ್ನಾಗಿದೆ. ಆದರೆ ಲಕೋಟೆ ಎತ್ತಿಕೊಳ್ಳುವುದಕ್ಕೂ ಚಾಕು ತೋರಿಸಿ ಸುಲಿಗೆ ಮಾಡುವುದಕ್ಕೂ ನಡುವೆ ದೊಡ್ಡ ಅಂತರ ಇದೆ. ಕಸ ಕಂಡರೆ ಜನ ಕಸ ಹಾಕುತ್ತಾರೆ, ಸಣ್ಣ ಆಸೆಗೆ ಬೀಳುತ್ತಾರೆ. ಅಲ್ಲಿಂದ ಕೊಲೆ ತನಕ ಒಂದೇ ಗೆರೆ ಎಳೆಯಬಹುದಾ ಅನ್ನುವುದು ಪ್ರಶ್ನೆ.

ಆ ಪ್ರಶ್ನೆಯನ್ನು ಪರೀಕ್ಷೆ ಮಾಡಿದ್ದಾರೆ. 1995ರಲ್ಲಿ, ಮತ್ತೆ ಶಿಕಾಗೊದಲ್ಲೇ. ರಾಬರ್ಟ್ ಸ್ಯಾಂಪ್ಸನ್ ಮತ್ತು ಸ್ಟೀಫನ್ ರಾಡೆನ್‌ಬುಶ್ ಅವರ ತಂಡ ಒಂದು ದೊಡ್ಡ ಗಾಡಿಯ ಎರಡೂ ಬದಿಗೆ ವಿಡಿಯೊ ಕ್ಯಾಮೆರಾ ಇಟ್ಟು ಬೀದಿ ಬೀದಿ ಸುತ್ತಿಸಿತು. ನಡೆಯುವುದಕ್ಕಿಂತ ಸ್ವಲ್ಪ ಜೋರು, ಅಷ್ಟೇ ವೇಗ. ಒಳಗೆ ಕೂತವರು ಕಂಡದ್ದನ್ನೆಲ್ಲ ಬರೆದುಕೊಂಡರು: ಸಿಗರೇಟು ತುಂಡು, ಖಾಲಿ ಬಾಟಲಿ, ಬಿಸಾಕಿದ ಸಿರಿಂಜು, ಗೋಡೆ ಮೇಲಿನ ಗೀಚು, ಬಿಟ್ಟುಹೋದ ಕಾರು, ಬೀದಿಯಲ್ಲೇ ಕುಡಿಯುತ್ತಾ ನಿಂತವರು. ಬೀದಿಯ ಒಂದು ತುಂಡನ್ನು ಒಂದು ಅಂತ ಲೆಕ್ಕ ಹಿಡಿದರೆ 23 ಸಾವಿರಕ್ಕೂ ಹೆಚ್ಚು ತುಂಡುಗಳನ್ನು ಹೀಗೆ ನೋಡಿದರು. ಯಾರೋ ಹೇಳಿದ್ದನ್ನು ನಂಬಲಿಲ್ಲ, ಕಣ್ಣಿಗೆ ಕಂಡದ್ದನ್ನೇ ಎಣಿಸಿದರು. ನನಗೆ ಈ ಕೆಲಸದ ಮೇಲೆ ಅಷ್ಟು ಗೌರವ ಇರುವುದು ಅದಕ್ಕೇ.

ಅವ್ಯವಸ್ಥೆ ಜಾಸ್ತಿ ಇದ್ದ ಕಡೆ ಅಪರಾಧವೂ ಜಾಸ್ತಿ ಇತ್ತು, ನಿಜ. ಆದರೆ ಒತ್ತೊತ್ತಾಗಿ ತುಂಬಿದ ಬಡತನ ಎಷ್ಟು, ಅಕ್ಕಪಕ್ಕದವರ ನಡುವೆ ನಂಬಿಕೆ ಎಷ್ಟು ಅನ್ನುವುದನ್ನು ಲೆಕ್ಕಕ್ಕೆ ಸೇರಿಸಿದ ಮೇಲೆ ಆ ಸಂಬಂಧ ಬಹುಮಟ್ಟಿಗೆ ಕರಗಿಹೋಯಿತು. ಸುಲಿಗೆಯಲ್ಲಿ ಮಾತ್ರ ಸ್ವಲ್ಪ ಉಳಿಯಿತು. ಜ್ವರಕ್ಕೂ ಮೈಕೈ ನೋವಿಗೂ ಇರುವ ನಂಟಿನ ಹಾಗೆ ಇದು. ಒಂದು ಇನ್ನೊಂದನ್ನು ತರಲಿಲ್ಲ, ಎರಡನ್ನೂ ತಂದ ರೋಗ ಬೇರೆ.

ಇನ್ನೊಂದು ವಿಷಯ. ಅದೇ ಇಬ್ಬರು 2004ರಲ್ಲಿ ಬರೆದದ್ದು. ಕ್ಯಾಮೆರಾದಲ್ಲಿ ಒಂದೇ ಪ್ರಮಾಣದ ಅವ್ಯವಸ್ಥೆ ಕಂಡ ಎರಡು ಕಡೆ ಇದ್ದರೂ, ಬಡವರು ಮತ್ತು ಕಪ್ಪು ಜನ ಜಾಸ್ತಿ ಇರುವ ಕಡೆಯೇ ಹೆಚ್ಚು ಹದಗೆಟ್ಟಿದೆ ಅಂತ ಜನರಿಗೆ ಅನ್ನಿಸುತ್ತಿತ್ತು. ನಾವು ಕಸವನ್ನು ಮಾತ್ರ ನೋಡುವುದಿಲ್ಲ, ಅಲ್ಲಿ ಯಾರಿದ್ದಾರೆ ಅನ್ನುವುದನ್ನೂ ನೋಡಿ ತೀರ್ಮಾನ ಮಾಡುತ್ತೇವೆ.

ಸಂಜೆ ಓದುಗ

ಮೇಡಂ, ಅಕ್ಕಪಕ್ಕದವರ ನಂಬಿಕೆಯನ್ನು ಅಳೆಯುವುದು ಹೇಗೆ? ಅದು ತಕ್ಕಡಿಗೆ ಸಿಗುವ ವಸ್ತು ಅಲ್ವಲ್ಲ.

ಲೆಕ್ಕದವಳು

ಅದೇ ಶಿಕಾಗೊ ಸಂಶೋಧಕರು ಜನರನ್ನು ನೇರವಾಗಿ ಕೇಳಿದರು. 343 ನೆರೆಹೊರೆಗಳಲ್ಲಿ 8,782 ಜನರನ್ನು ಅವರ ಮನೆಗೇ ಹೋಗಿ ಕೇಳಿದರು. ಮಕ್ಕಳು ಶಾಲೆ ತಪ್ಪಿಸಿ ಬೀದಿ ಮೂಲೆಯಲ್ಲಿ ನಿಂತಿದ್ದರೆ ನಿಮ್ಮ ಪಕ್ಕದವರು ಏನಾದರೂ ಮಾಡುತ್ತಾರಾ? ಗೋಡೆ ಮೇಲೆ ಗೀಚುತ್ತಿದ್ದರೆ? ನಿಮ್ಮ ಮನೆ ಮುಂದೆ ಹೊಡೆದಾಟ ಶುರುವಾದರೆ? ಹತ್ತಿರದ ಅಗ್ನಿಶಾಮಕ ಠಾಣೆ ಮುಚ್ಚುತ್ತೇವೆ ಅಂದರೆ? ಜೊತೆಗೆ, ಇಲ್ಲಿನ ಜನರನ್ನು ನಂಬಬಹುದಾ, ಒಬ್ಬರಿಗೊಬ್ಬರು ಆಗುತ್ತಾರಾ ಅಂತಲೂ ಕೇಳಿದರು.

"ಹೌದು, ಬರ್ತಾರೆ, ಕೇಳ್ತಾರೆ" ಅನ್ನುವ ಉತ್ತರ ಜಾಸ್ತಿ ಬಂದ ಕಡೆ ಹಿಂಸೆ ಕಡಿಮೆ ಇತ್ತು. ಬಡತನ ಒಂದೇ ಸಮ ಇದ್ದ ಬಡಾವಣೆಗಳನ್ನು ಹೋಲಿಸಿದಾಗಲೂ ಹಾಗೇ. 1997ರಲ್ಲಿ ಪ್ರಕಟವಾದ ಈ ಫಲಿತಾಂಶ ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ ಅನ್ನುವುದು ನನ್ನ ಅಭಿಪ್ರಾಯ. ಬಡತನ ನೇರವಾಗಿ ಕೈಗೆ ಚಾಕು ಕೊಡುವುದಿಲ್ಲ. ಅದು ಬೀದಿಯ ಜನ ಒಟ್ಟಾಗಿ ನಿಲ್ಲುವ ಬಲವನ್ನು ಮುರಿಯುತ್ತದೆ. ಆ ಬಲ ಮುರಿದ ಕಡೆ ಕೆಲವೇ ಕೆಲವರು ಎಲ್ಲರ ನೆಮ್ಮದಿ ಕೆಡಿಸಲು ಸಾಕು.

ಮೂರನೇ ಅಡ್ಡರಸ್ತೆ

ನಾನು ಓದಿಕೊಂಡವಳಲ್ಲ. ಅಂಥ ಬೀದಿಯಲ್ಲಿ ಇರುವವಳು. ನಡೆದದ್ದನ್ನು ಹೇಳುತ್ತೇನೆ.

ನಮ್ಮ ಸಾಲಿನಲ್ಲಿ ಮೊದಲು ಒಬ್ಬ ಅಜ್ಜಿ ಇದ್ದರು. ಇಡೀ ದಿನ ಬಾಗಿಲ ಹತ್ತಿರ ಕೂತಿರುತ್ತಿದ್ದರು. ಯಾವ ಮಗು ಎಷ್ಟು ಹೊತ್ತಿಗೆ ಮನೆಗೆ ಬಂತು, ಯಾರ ಮನೆಗೆ ಯಾರು ಬಂದರು, ಎಲ್ಲ ಅವರಿಗೆ ಗೊತ್ತು. ಕೆಲವರಿಗೆ ಅದು ಕಿರಿಕಿರಿ. ಆದರೆ ನಾನು ಮಗಳನ್ನು ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದದ್ದು ಅವರ ಧೈರ್ಯದ ಮೇಲೆ. ಮಗ ಕೆಲಸ ಕಳೆದುಕೊಂಡ, ಬಾಡಿಗೆ ಕಟ್ಟಲಾಗಲಿಲ್ಲ, ಅವರು ಹೋದರು. ಆಮೇಲೆ ಇನ್ನೂ ಎರಡು ಮನೆಯವರು ಹೋದರು. ಆ ಮನೆಗಳಿಗೆ ಬಂದವರು ವರ್ಷ ತುಂಬುವ ಮೊದಲೇ ಬದಲಾಗುತ್ತಾರೆ. ಹೆಸರು ಕೇಳುವಷ್ಟರಲ್ಲಿ ಖಾಲಿ ಮಾಡಿರುತ್ತಾರೆ.

ಕೊನೆಯ ಮನೆಗೆ ಯಾರೂ ಬರಲೇ ಇಲ್ಲ. ಮಾಲೀಕರು ಬೇರೆ ಊರಲ್ಲಿ ಇದ್ದಾರಂತೆ. ಮೊದಲು ಬಾಗಿಲ ಬೀಗ ಹೋಯಿತು. ಆಮೇಲೆ ಬಾಗಿಲೇ ಹೋಯಿತು. ಹುಡುಗರು ಇಸ್ಪೀಟು ಆಡಲು ಸೇರುತ್ತಿದ್ದರು. ನಂತರ ನಮಗೆ ಗೊತ್ತಿಲ್ಲದ ದೊಡ್ಡವರು ಬರಲು ಶುರು ಮಾಡಿದರು. ಕಂಬದ ದೀಪಕ್ಕೆ ಕಲ್ಲು ಬಿತ್ತು. ಒಂದು ಸಂಜೆ ಪಕ್ಕದ ಮನೆ ಹೆಂಗಸಿನ ಕೈಯಿಂದ ಪರ್ಸ್ ಕಿತ್ತುಕೊಂಡು ಹೋದರು. ಅವರು ಕೂಗಿದ್ದು ನನಗೆ ಕೇಳಿಸಿತು. ಬಾಗಿಲು ತೆಗೆಯಲು ಕೈ ಹೋಗಲಿಲ್ಲ, ಮಗಳು ಒಳಗಿದ್ದಳು.

ಈಗ ಹೇಳಿ. ಇದರಲ್ಲಿ ಬಡತನ ಯಾವುದು, ಅವ್ಯವಸ್ಥೆ ಯಾವುದು? ನನಗೆ ಬೇರೆ ಬೇರೆ ಮಾಡಲು ಬರುವುದಿಲ್ಲ. ಅರ್ಜಿ ಹಿಡಿದು ಹೋದ ಕಚೇರಿಯಲ್ಲಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಕಳಿಸಿದರು. ಅರ್ಧ ದಿನದ ಕೂಲಿ ಹೋಯಿತು. ಮತ್ತೆ ಹೋಗಲಿಲ್ಲ.

ಹಳೇ ಮೇಷ್ಟ್ರು

ತಾಯಿ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಇಡೀ ಪಾಠ ನೀವು ಹೇಳಿದ ಆ ಅಜ್ಜಿಯ ಕತೆಯಲ್ಲೇ ಇದೆ. ಒಂದು ಕೆಲಸ ಹೋಯಿತು, ಒಂದು ಕುಟುಂಬ ಹೋಯಿತು, ಅದರ ಜೊತೆಗೆ ಬೀದಿಯನ್ನು ಕಾಯುವ ಕಣ್ಣು ಹೋಯಿತು.

ಸಮಾಜಶಾಸ್ತ್ರಜ್ಞ ವಿಲಿಯಂ ಜೂಲಿಯಸ್ ವಿಲ್ಸನ್ (ಖಡಕ್ ಅವರು ಹೇಳಿದ ವಿಲ್ಸನ್ ಬೇರೆ) 1987ರಲ್ಲಿ ಅಮೆರಿಕದ ನಗರಗಳ ಬಗ್ಗೆ ಹೇಳಿದ್ದು ಇದೇ. ಕಾರ್ಖಾನೆಗಳು ನಗರದ ಒಳಗಿನಿಂದ ಹೊರಟುಹೋದವು. ಸ್ವಲ್ಪ ಅನುಕೂಲ ಇದ್ದ ಕಪ್ಪು ಕುಟುಂಬಗಳೂ ಬೇರೆ ಕಡೆ ಹೋದವು. ಉಳಿದವರು ಬರೀ ಬಡವರಲ್ಲ, ಸುತ್ತಮುತ್ತ ಎಲ್ಲರೂ ಬಡವರಾಗಿರುವ ಕಡೆ ಸಿಕ್ಕಿಹಾಕಿಕೊಂಡ ಬಡವರು. ಈ ವ್ಯತ್ಯಾಸ ತುಂಬಾ ದೊಡ್ಡದು. ಸುತ್ತ ಕೆಲಸ ಇರುವವರು ಇದ್ದರೆ ಹುಡುಗನಿಗೆ ಕೆಲಸದ ಸುದ್ದಿ ಸಿಗುತ್ತದೆ, ಶಿಫಾರಸು ಸಿಗುತ್ತದೆ. ಯಾರಿಗೂ ಕೆಲಸ ಇಲ್ಲದ ಕಡೆ ಆ ದಾರಿಯೇ ಇಲ್ಲ.

ಲಾರೆನ್ ಕ್ರಿವೊ ಮತ್ತು ರೂತ್ ಪೀಟರ್ಸನ್ 1996ರಲ್ಲಿ ಒಹಾಯೊದ ಕೊಲಂಬಸ್ ನಗರ ತೆಗೆದುಕೊಂಡು ನೋಡಿದರು. ಬಡತನ ತೀರಾ ಒತ್ತಾಗಿದ್ದ ಕಡೆ ಹಿಂಸೆ ತುಂಬಾ ಮೇಲಿತ್ತು. ಕಪ್ಪು ಜನರ ಬಡಾವಣೆಯಲ್ಲೂ ಹಾಗೇ, ಬಿಳಿಯರ ಬಡಾವಣೆಯಲ್ಲೂ ಹಾಗೇ.

ಮತ್ತೊಂದು ಮಾತು. ದುಡ್ಡಿಲ್ಲದಿರುವುದೇ ನೇರ ಕಾರಣ ಆಗಿದ್ದರೆ 2008ರ ಆರ್ಥಿಕ ಕುಸಿತದಲ್ಲಿ ಅಮೆರಿಕದಲ್ಲಿ ಅಪರಾಧ ಏರಬೇಕಿತ್ತು. ಲಕ್ಷಗಟ್ಟಲೆ ಜನ ಕೆಲಸ ಕಳೆದುಕೊಂಡರು. ಅಪರಾಧ ಇಳಿಯುತ್ತಲೇ ಹೋಯಿತು. ಒಂದೆರಡು ವರ್ಷದ ಕಷ್ಟ ಬೀದಿಯ ನಂಟನ್ನು ಒಡೆಯುವುದಿಲ್ಲ. ತಲೆಮಾರುಗಳ ಕಾಲ ಒಂದೇ ಜಾಗದಲ್ಲಿ ಕೂಡಿಹಾಕಿದ ಬಡತನ ಒಡೆಯುತ್ತದೆ.

ಖಡಕ್ ಮಾತು

ಅಡ್ಡರಸ್ತೆ ಅಕ್ಕ ಹೇಳಿದ್ದರಲ್ಲಿ ನನ್ನ ವಾದವೂ ಇದೆ. ಬೀಗ ಹೋದ ದಿನವೇ ಯಾರಾದರೂ ಬಂದು ಬಾಗಿಲು ಭದ್ರ ಮಾಡಿದ್ದರೆ ಪರ್ಸ್ ಹೋಗುತ್ತಿರಲಿಲ್ಲ. ಅದನ್ನು ಮಾಡುವುದಕ್ಕೆ ಬಡತನ ನಿರ್ಮೂಲನೆ ಆಗಬೇಕಾಗಿಲ್ಲ.

ನ್ಯೂಯಾರ್ಕ್ ನೋಡಿ. 1990ರಲ್ಲಿ ಅಲ್ಲಿ 2,200ಕ್ಕೂ ಹೆಚ್ಚು ಕೊಲೆ ಆಗಿದ್ದವು. 1994ರಿಂದ ಪೊಲೀಸರು ಸಣ್ಣಪುಟ್ಟ ತಪ್ಪನ್ನೂ ಬಿಡದೆ ಹಿಡಿದರು. 2017ರ ಹೊತ್ತಿಗೆ ಕೊಲೆ 300ಕ್ಕಿಂತ ಕೆಳಗೆ ಬಂತು. ಬಡತನ ಅಷ್ಟೇನೂ ಹೋಗಿರಲಿಲ್ಲವಲ್ಲ.

ವಕೀಲಮ್ಮ

ಖಡಕ್ ಅವರೇ, ಬಾಗಿಲು ಭದ್ರ ಮಾಡಬೇಕಿತ್ತು ಅನ್ನುವುದನ್ನು ನೂರಕ್ಕೆ ನೂರು ಒಪ್ಪುತ್ತೇನೆ. ನ್ಯೂಯಾರ್ಕ್ ವಿಷಯ ಒಪ್ಪಲಾರೆ.

ಆ ವರ್ಷಗಳಲ್ಲಿ ಅಪರಾಧ ಇಳಿದದ್ದು ನ್ಯೂಯಾರ್ಕ್‌ನಲ್ಲಿ ಮಾತ್ರ ಅಲ್ಲ. ಪೊಲೀಸ್ ಕೆಲಸವನ್ನು ಬೇರೆ ರೀತಿ ಮಾಡಿದ ಸ್ಯಾನ್ ಡಿಯಾಗೊದಲ್ಲೂ ಚೆನ್ನಾಗಿ ಇಳಿಯಿತು. ಇನ್ನು ಬೀದಿಯಲ್ಲಿ ತಡೆದು ತಪಾಸಣೆ ಮಾಡುವ ಪದ್ಧತಿ. 2011ರಲ್ಲಿ ನ್ಯೂಯಾರ್ಕ್ ಪೊಲೀಸರು ಸುಮಾರು 6 ಲಕ್ಷ 85 ಸಾವಿರ ಸಲ ಜನರನ್ನು ತಡೆದರು. ಹತ್ತರಲ್ಲಿ ಸುಮಾರು ಒಂಬತ್ತು ಸಲ ಬಂಧನವೂ ಇಲ್ಲ, ದಂಡದ ಚೀಟಿಯೂ ಇಲ್ಲ. ತಡೆಸಿಕೊಂಡವರು ಬಹುಪಾಲು ಕಪ್ಪು ಮತ್ತು ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ಹುಡುಗರು. ಆ ಪದ್ಧತಿ ನಡೆಸಿದ ರೀತಿ ಸಂವಿಧಾನಕ್ಕೆ ವಿರುದ್ಧ ಅಂತ 2013ರಲ್ಲಿ ಫೆಡರಲ್ ಕೋರ್ಟ್ ತೀರ್ಪು ಕೊಟ್ಟಿತು. 2014ರಲ್ಲಿ ತಡೆದದ್ದು 50 ಸಾವಿರಕ್ಕಿಂತ ಕಡಿಮೆ. ಕೊಲೆಗಳು ಏರಲಿಲ್ಲ, ಇನ್ನೂ ಇಳಿದವು.

ನನಗೆ ಇದು ಬರೀ ಅಂಕಿಸಂಖ್ಯೆ ಅಲ್ಲ. ಸಣ್ಣ ಕೇಸಿನಲ್ಲಿ ಸಿಕ್ಕಿದ ಹುಡುಗರ ಮನೆಯವರು ನನ್ನ ಮುಂದೆ ಕೂತಿರುತ್ತಾರೆ. ಬೀದಿಯಲ್ಲಿ ಗುಂಪು ಕಟ್ಟಿ ನಿಂತಿದ್ದ ಅಂತ ಎತ್ತಿಕೊಂಡು ಹೋಗಿರುತ್ತಾರೆ. ಜಾಮೀನಿಗೆ ಸಾಲ ಮಾಡುತ್ತಾರೆ. ಕೋರ್ಟಿಗೆ ಬಂದ ದಿನ ಕೂಲಿ ಇಲ್ಲ. ಹುಡುಗ ಹೊಸ ಕೆಲಸಕ್ಕೆ ಹೋದರೆ ಪೊಲೀಸ್ ದಾಖಲೆ ಕೇಳುತ್ತಾರೆ, ಬಾಗಿಲು ಮುಚ್ಚುತ್ತದೆ. ಅವನ ತಮ್ಮ ಇದನ್ನೆಲ್ಲ ನೋಡುತ್ತಾ ಬೆಳೆಯುತ್ತಾನೆ. ನಾಳೆ ನಿಜವಾಗಿ ಏನೋ ಆದಾಗ ಆ ಮನೆಯವರು ಠಾಣೆಗೆ ಫೋನ್ ಮಾಡುತ್ತಾರಾ? ಮಾಡುವುದಿಲ್ಲ. ಜಗಳವನ್ನು ತಾವೇ ತೀರಿಸಿಕೊಳ್ಳುತ್ತಾರೆ. ಸೇಡು ಅಲ್ಲಿಂದ ಶುರು.

ಡೀನಾ ರೋಸ್ ಮತ್ತು ಟಾಡ್ ಕ್ಲಿಯರ್ ಎಂಬ ಸಂಶೋಧಕರು 1998ರಲ್ಲೇ ಎಚ್ಚರಿಸಿದ್ದರು. ಒಂದೇ ಬಡಾವಣೆಯಿಂದ ತೀರಾ ಜಾಸ್ತಿ ಜನರನ್ನು ಜೈಲಿಗೆ ಹಾಕುತ್ತಾ ಹೋದರೆ ಅಲ್ಲಿನ ಕುಟುಂಬ, ದುಡಿಮೆ, ನಂಟು ಎಲ್ಲ ಸಡಿಲವಾಗುತ್ತವೆ. ಅಪರಾಧ ತಡೆಯುವ ಬಲವೇ ಕುಂದುತ್ತದೆ.

ನಿವೃತ್ತ ಖಾಕಿ

ಇಷ್ಟು ಹೊತ್ತು ಓದುತ್ತಿದ್ದೆ. ಬೀಟ್ ಮಾಡಿದವನಾಗಿ ಒಂದು ಮಾತು.

ಹೊರಗಿನವರು "ಆ ಏರಿಯಾ" ಅಂತಾರೆ. ಒಳಗೆ ಕೆಲಸ ಮಾಡುವವನಿಗೆ ಏರಿಯಾ ಕಾಣುವುದಿಲ್ಲ, ಜಾಗ ಕಾಣುತ್ತದೆ. ಈ ಖಾಲಿ ಕಟ್ಟಡ, ಆ ತಿರುವು, ಆ ಕತ್ತಲೆ ಓಣಿ. ಮತ್ತೆ ಮತ್ತೆ ಕರೆ ಬರುವುದು ಅಲ್ಲಿಂದಲೇ. ಅದರ ಹಿಂದಿನ ಬೀದಿಯಲ್ಲಿ ವರ್ಷಗಟ್ಟಲೆ ಒಂದು ಗಲಾಟೆ ಇರುವುದಿಲ್ಲ. ಅಲ್ಲೂ ಅಷ್ಟೇ ಬಡವರು.

ಸಿಯಾಟಲ್‌ನಲ್ಲಿ ಡೇವಿಡ್ ವೈಸ್‌ಬರ್ಡ್ ಮತ್ತು ಜೊತೆಗಾರರು 14 ವರ್ಷದ ದಾಖಲೆ ನೋಡಿದ್ದಾರೆ. ನಗರದ ಬೀದಿ ತುಂಡುಗಳಲ್ಲಿ 5%ರಷ್ಟು ಕಡೆ ಸುಮಾರು ಅರ್ಧದಷ್ಟು ಅಪರಾಧ. ಹಾಗಿರುವಾಗ ಇಡೀ ಬಡಾವಣೆ ಮೇಲೆ ಲಾಠಿ ಬೀಸುವುದು ಅನ್ಯಾಯವೂ ಹೌದು, ದಡ್ಡತನವೂ ಹೌದು.

ಮ್ಯಾಸಚೂಸೆಟ್ಸ್‌ನ ಲೋವೆಲ್ ನಗರದಲ್ಲಿ ಇಂಥ 34 ಜಾಗ ಆರಿಸಿ ಅರ್ಧದಷ್ಟು ಕಡೆ ಹೊಸ ರೀತಿ ಕೆಲಸ ಮಾಡಿದರು. ಹಿಡಿಯುವುದೂ ಇತ್ತು. ಖಾಲಿ ಕಟ್ಟಡ ಭದ್ರ ಮಾಡುವುದು, ದೀಪ ಹಾಕುವುದು, ಜಾಗ ಚೊಕ್ಕಟ ಮಾಡುವುದೂ ಇತ್ತು. 2008ರಲ್ಲಿ ಫಲಿತಾಂಶ ಬಂತು. ಹೆಚ್ಚು ಫಲ ಕೊಟ್ಟದ್ದು ಜಾಗ ಸರಿಪಡಿಸುವ ಕೆಲಸ, ಸಣ್ಣ ತಪ್ಪಿಗೆ ಹಿಡಿಯುವುದಲ್ಲ. ಖಡಕ್ ಸರ್, ಇದು ನಿಮಗೂ ಹಿಡಿಸಬೇಕು.

ಖಡಕ್ ಮಾತು

ಹಿಡಿಸಿತು ಸರ್. ಜಾಗವನ್ನು ಸರಿಪಡಿಸಿ ಅಂತಲೇ ನಾನೂ ಹೇಳುತ್ತಿರುವುದು.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಎಲ್ಲದಕ್ಕೂ ಸುತ್ತಮುತ್ತಲಿನ ಪರಿಸ್ಥಿತಿಯೇ ಕಾರಣ ಅಂದರೆ ಪರ್ಸ್ ಕಿತ್ತವನ ಜವಾಬ್ದಾರಿ ಏನೂ ಇಲ್ವಾ? ಅದೇ ಬೀದಿಯಲ್ಲಿ ಬೆಳೆದು ನೆಟ್ಟಗೆ ದುಡಿಯುವ ಹುಡುಗನಿಗೆ ಇದು ಅವಮಾನ ಅಲ್ವಾ?

ವಕೀಲಮ್ಮ

ಜವಾಬ್ದಾರಿ ಖಂಡಿತ ಇದೆ. ಕಿತ್ತವನಿಗೆ ಶಿಕ್ಷೆ ಆಗಬೇಕು. ಯಾಕೆಂದರೆ ಕಳೆದುಕೊಂಡವರೂ ಬಡವರೇ. ಬಡ ಬಡಾವಣೆಯ ಅಪರಾಧಕ್ಕೆ ಮೊದಲು ಬಲಿಯಾಗುವವರು ಅಲ್ಲಿನ ಜನರೇ. ಇದನ್ನು ಎಷ್ಟೋ ಜನ ಮರೆಯುತ್ತಾರೆ.

ಒಬ್ಬ ಯಾಕೆ ಮಾಡಿದ ಅನ್ನುವುದಕ್ಕೆ ಉತ್ತರ ಕೊಡಬೇಕಾದವನು ಅವನು. ಒಂದೇ ಮೂಲೆಯಲ್ಲಿ ವರ್ಷವಿಡೀ ಯಾಕೆ ನಡೆಯುತ್ತಿದೆ ಅನ್ನುವುದಕ್ಕೆ ಉತ್ತರ ಕೊಡಬೇಕಾದವರು ಆಡಳಿತದವರು. ಎರಡೂ ಪ್ರಶ್ನೆ ಕೇಳಬೇಕು.

ಸಂಜೆ ಓದುಗ

ಇನ್ನೊಂದು ಅನುಮಾನ. ಜಾಗವೇ ಕಾರಣ ಆದರೆ ಜನರನ್ನು ಒಳ್ಳೆಯ ಕಡೆಗೆ ಕಳಿಸಿದರೆ ಮುಗೀತಲ್ವಾ? ಯಾರಾದರೂ ಮಾಡಿ ನೋಡಿದ್ದಾರಾ?

ಲೆಕ್ಕದವಳು

ನೋಡಿದ್ದಾರೆ. 1994ರಿಂದ 1998ರವರೆಗೆ ಅಮೆರಿಕ ಸರ್ಕಾರ ಐದು ನಗರಗಳ ಸುಮಾರು 4,600 ಬಡ ಕುಟುಂಬಗಳ ನಡುವೆ ಲಾಟರಿ ಎತ್ತಿತು. ಗೆದ್ದ ಕೆಲವರಿಗೆ ಬಡತನ ಕಡಿಮೆ ಇರುವ ಕಡೆ ಮನೆ ಹಿಡಿಯಲು ಬಾಡಿಗೆ ನೆರವು ಸಿಕ್ಕಿತು.

ಫಲಿತಾಂಶ ಒಂದೇ ಸಮ ಬರಲಿಲ್ಲ. ದೊಡ್ಡವರ ಸಂಪಾದನೆ ಏರಲಿಲ್ಲ, ಆರೋಗ್ಯ ಮತ್ತು ಮನಸ್ಸಿನ ನೆಮ್ಮದಿ ಸುಧಾರಿಸಿತು. ಹದಿಹರೆಯದ ಹುಡುಗಿಯರು ಅಪರಾಧದಲ್ಲಿ ಸಿಕ್ಕಿಬೀಳುವುದು ಕಡಿಮೆಯಾಯಿತು. ಹುಡುಗರಲ್ಲಿ ಹಿಂಸೆಯ ಕೇಸು ಮೊದಮೊದಲು ಇಳಿದರೂ ಕಳ್ಳತನದಂಥ ಕೇಸು ಏರಿತು. ಹಳೆಯ ಗೆಳೆಯರು ದೂರ, ಹೊಸ ಕಡೆ ಯಾರೂ ಹತ್ತಿರ ಸೇರಿಸುವುದಿಲ್ಲ. ಆ ವಯಸ್ಸಿನಲ್ಲಿ ಬೇರು ಕಿತ್ತು ನೆಡುವುದು ಸುಲಭ ಅಲ್ಲ. ಆದರೆ 13 ವರ್ಷ ತುಂಬುವ ಮೊದಲೇ ಹೋದ ಮಕ್ಕಳು ದೊಡ್ಡವರಾದ ಮೇಲೆ 31%ರಷ್ಟು ಹೆಚ್ಚು ಸಂಪಾದಿಸುತ್ತಿದ್ದರು ಅಂತ ರಾಜ್ ಚೆಟ್ಟಿ ಮತ್ತು ಸಂಗಡಿಗರು 2016ರಲ್ಲಿ ತೋರಿಸಿದರು.

ಇನ್ನೊಂದು, ಯಾರೂ ಬೇಕಂತ ಮಾಡದ ಪ್ರಯೋಗ. 2005ರಲ್ಲಿ ಕತ್ರಿನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿತು. ಆ ಸಮಯದಲ್ಲಿ ಜೈಲಿಂದ ಬಿಡುಗಡೆಯಾದ ಎಷ್ಟೋ ಜನರಿಗೆ ಹಳೆಯ ಬೀದಿಗೆ ಹೋಗಲು ಬೀದಿಯೇ ಇರಲಿಲ್ಲ. ಡೇವಿಡ್ ಕಿರ್ಕ್ ಎಂಬ ಸಂಶೋಧಕರು ಹಾಗೆ ಬಿಡುಗಡೆಯಾದವರ ಜಾಡು ಹಿಡಿದು ನೋಡಿದರು. ಬೇರೆ ಕಡೆ ನೆಲೆಸಿದವರು ಮತ್ತೆ ಜೈಲಿಗೆ ಬರುವುದು ಸ್ಪಷ್ಟವಾಗಿ ಕಡಿಮೆ ಇತ್ತು.

ಹಾಗಂತ ಎಲ್ಲರನ್ನೂ ಎತ್ತಿ ಬೇರೆ ಕಡೆ ಇಡಕ್ಕಾಗಲ್ಲ. ಉಳಿಯುವವರೇ ಹೆಚ್ಚು.

ಮೂರನೇ ಅಡ್ಡರಸ್ತೆ

ಹೌದು. ನನಗೆ ಹೋಗಲು ಇಷ್ಟವೂ ಇಲ್ಲ. ಕೆಲಸ ಇಲ್ಲೇ ಹತ್ತಿರ. ನಾವು ಇರುವ ಕಡೆಯೇ ಏನು ಮಾಡಬಹುದು ಅಂತ ಹೇಳಿ.

ಹಳೇ ಮೇಷ್ಟ್ರು

ಫಿಲಡೆಲ್ಫಿಯಾ ನಗರದ ಕತೆ ಹೇಳುತ್ತೇನೆ ತಾಯಿ. ಅಲ್ಲಿ ಸಾವಿರಾರು ಖಾಲಿ ನಿವೇಶನಗಳು ಕಸದ ರಾಶಿಯಾಗಿ ಬಿದ್ದಿದ್ದವು. ಅವುಗಳಲ್ಲಿ 541 ನಿವೇಶನ ಆರಿಸಿ, ಯಾವುದಕ್ಕೆ ಏನು ಮಾಡಬೇಕು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಹಂಚಿದರು. ಕೆಲವು ಕಡೆ ಕಸ ತೆಗೆದು, ನೆಲ ಸಮ ಮಾಡಿ, ಹುಲ್ಲು ಹಾಕಿ, ಒಂದಿಷ್ಟು ಗಿಡ ನೆಟ್ಟು, ಸುತ್ತ ಮೊಣಕಾಲೆತ್ತರದ ಮರದ ಬೇಲಿ ಹಾಕಿದರು. ಯಾರು ಬೇಕಾದರೂ ದಾಟಬಹುದಾದ ಬೇಲಿ. ಈ ಜಾಗವನ್ನು ನೋಡಿಕೊಳ್ಳುವವರು ಇದ್ದಾರೆ ಅಂತ ತೋರಿಸುವುದಷ್ಟೇ ಅದರ ಕೆಲಸ. ಕೆಲವು ಕಡೆ ಬರೀ ಕಸ ತೆಗೆದರು. ಕೆಲವನ್ನು ಹಾಗೇ ಬಿಟ್ಟರು.

ಚಾರ್ಲ್ಸ್ ಬ್ರಾನಾಸ್ ಮತ್ತು ಸಂಗಡಿಗರು 2018ರಲ್ಲಿ ಫಲಿತಾಂಶ ಕೊಟ್ಟರು. ಬಡತನ ರೇಖೆಗಿಂತ ಕೆಳಗಿನ ನೆರೆಹೊರೆಗಳಲ್ಲಿ ಬಂದೂಕಿನ ಹಿಂಸೆ 29% ಇಳಿದಿತ್ತು. ಯಾರನ್ನೂ ಜೈಲಿಗೆ ಹಾಕಲಿಲ್ಲ, ಯಾರನ್ನೂ ಒಕ್ಕಲೆಬ್ಬಿಸಲಿಲ್ಲ.

ಖಡಕ್ ಅವರು ಹೇಳುವ ಚೊಕ್ಕಟಕ್ಕೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಇಲ್ಲಿ ಜಾಗ ಜನರ ಕೈಗೆ ವಾಪಸು ಬಂತು. ಅಲ್ಲಿ ಕೂತು ಮಾತಾಡುವುದು ಶುರುವಾಯಿತು.

ಲೆಕ್ಕದವಳು

ದೀಪದ್ದೂ ಹೇಳಬೇಕು. 2016ರಲ್ಲಿ ನ್ಯೂಯಾರ್ಕ್‌ನ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ ಲಾಟರಿ ಎತ್ತಿ ಕೆಲವು ಕಡೆ ಜೋರು ಬೆಳಕಿನ ದೀಪಸ್ತಂಭ ಇಟ್ಟರು. ರಾತ್ರಿ ಹೊರಗಡೆ ನಡೆಯುವ ಗಂಭೀರ ಅಪರಾಧ ಸುಮಾರು 36% ಇಳಿಯಿತು.

ಕೊಲಂಬಿಯಾದ ಮೆಡೆಯಿನ್ ನಗರ ಇದಕ್ಕಿಂತ ದೊಡ್ಡ ಉದಾಹರಣೆ. ಒಂದು ಕಾಲಕ್ಕೆ ಜಗತ್ತಿನಲ್ಲೇ ಅತಿ ಹೆಚ್ಚು ಕೊಲೆ ನಡೆಯುತ್ತಿದ್ದ ನಗರಗಳಲ್ಲಿ ಒಂದು. ಗುಡ್ಡದ ಮೇಲಿನ ಬಡ ಬಡಾವಣೆಗಳಿಗೆ 2004ರಲ್ಲಿ ಕೇಬಲ್ ಕಾರ್ ಹಾಕಿದರು. ಅದರ ಜೊತೆಗೆ ದೀಪ, ಮೆಟ್ಟಿಲು, ಗ್ರಂಥಾಲಯ, ಸೇರುವ ಜಾಗ. ಕೊಲೆ ಇಡೀ ನಗರದಲ್ಲಿ ಇಳಿಯಿತು. ಈ ಕೆಲಸ ಆದ ಕಡೆ ಅದು ಆಗದ ಕಡೆಗಿಂತ 66% ಹೆಚ್ಚು ಇಳಿಯಿತು ಅಂತ 2012ರ ಅಧ್ಯಯನ ಹೇಳುತ್ತದೆ. ಕೆಲಸ ಇರುವ ಕಡೆಗೆ ಹೋಗಿಬರುವ ದಾರಿ ಕೊಟ್ಟದ್ದು ಸಣ್ಣ ವಿಷಯ ಅಲ್ಲ.

ನಿವೃತ್ತ ಖಾಕಿ

ಹುಡುಗರಿಗೆ ಕೆಲಸ ಕೊಡಿ ಅನ್ನುವುದು ನನ್ನ ಹಳೇ ಮಾತು. ಅದಕ್ಕೂ ಪುರಾವೆ ಇದೆ ಅಂತ ಕೇಳಿದ್ದೇನೆ. ಗೊತ್ತಿದ್ದವರು ಬರೆಯಿರಿ.

ಲೆಕ್ಕದವಳು

ಇದೆ ಸರ್. 2012ರ ಬೇಸಿಗೆ, ಶಿಕಾಗೊ. ಹಿಂಸೆ ಜಾಸ್ತಿ ಇದ್ದ ಕಡೆಯ 13 ಶಾಲೆಗಳ 1,634 ಮಕ್ಕಳ ನಡುವೆ ಲಾಟರಿ. ಆಯ್ಕೆ ಆದವರಿಗೆ 8 ವಾರದ ಕೆಲಸ, ಕನಿಷ್ಠ ಕೂಲಿ, ವಿಚಾರಿಸಿಕೊಳ್ಳಲು ಜೊತೆಗೊಬ್ಬ ದೊಡ್ಡವರು. 16 ತಿಂಗಳಲ್ಲಿ ಹಿಂಸೆಯ ಕೇಸಿನಲ್ಲಿ ಬಂಧನ 43% ಕಡಿಮೆ. ಇಳಿದದ್ದು ಬಹುಪಾಲು ಕೆಲಸದ ಅವಧಿ ಮುಗಿದ ಮೇಲೆ. ಅಂದರೆ ಹುಡುಗರನ್ನು ಬೀದಿಯಿಂದ ಆಚೆ ಇಟ್ಟದ್ದಷ್ಟೇ ಕಾರಣ ಅಲ್ಲ, ಅವರಲ್ಲೇ ಏನೋ ಬದಲಾಯಿತು.

ಬಡಾವಣೆಯ ಸಣ್ಣ ಸಂಘಗಳ ಪಾಲೂ ದೊಡ್ಡದು. ಪ್ಯಾಟ್ರಿಕ್ ಶಾರ್ಕಿ ತಂಡ 2017ರಲ್ಲಿ 264 ನಗರಗಳ ದಾಖಲೆ ನೋಡಿತು. ಒಂದು ಲಕ್ಷ ಜನಕ್ಕೆ ಇಂಥ 10 ಸಂಘ ಹೆಚ್ಚಾದರೆ ಕೊಲೆ ಪ್ರಮಾಣ 9% ಇಳಿಯುತ್ತದೆ ಅನ್ನುವುದು ಅವರ ಲೆಕ್ಕ.

ವಕೀಲಮ್ಮ

ಅಡ್ಡರಸ್ತೆಯವರೇ, ನಿಮ್ಮ ಆ ಕೊನೆ ಮನೆ ವಿಷಯಕ್ಕೆ ಬರೋಣ. ಫಿಲಡೆಲ್ಫಿಯಾದಲ್ಲಿ 2011ರಿಂದ ಒಂದು ನಿಯಮ ಜಾರಿ ಮಾಡಿದರು. ಖಾಲಿ ಕಟ್ಟಡದ ಮಾಲೀಕ ಹಲಗೆ ಹೊಡೆದು ಬಿಡುವ ಹಾಗಿಲ್ಲ, ನಿಜವಾದ ಬಾಗಿಲು ಕಿಟಕಿ ಹಾಕಬೇಕು, ಇಲ್ಲದಿದ್ದರೆ ದಂಡ. ಪಾಲಿಸಿದ ಕಟ್ಟಡಗಳ ಸುತ್ತ ಬಂದೂಕಿನ ಹಲ್ಲೆ ಕಡಿಮೆಯಾದದ್ದು ಕಂಡುಬಂತು. ಹಾಗಾಗಿ ಕೇಳುವುದನ್ನು ಖಚಿತವಾಗಿ ಕೇಳಿ. "ಭದ್ರತೆ ಕೊಡಿ" ಅಂತ ಬರೆದರೆ ಕಾಗದ ಮೂಲೆಗೆ ಹೋಗುತ್ತದೆ. "ಈ ಮನೆಗೆ ಬಾಗಿಲು, ಈ ಕಂಬಕ್ಕೆ ದೀಪ" ಅಂತ ಬರೆಯಿರಿ. ಮಾಲೀಕರ ಹೆಸರು ಆಸ್ತಿ ತೆರಿಗೆ ದಾಖಲೆಯಲ್ಲಿ ಇರುತ್ತದೆ, ಅದನ್ನು ಕೇಳಿ ಪಡೆಯಿರಿ. ಯಾವ ದಿನ ಏನಾಯಿತು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ಫೋಟೊ ತೆಗೆಯುವುದಾದರೆ ಕಟ್ಟಡದ್ದು ಮಾತ್ರ, ಹುಡುಗರ ಮುಖ ಬೇಡ. ಒಬ್ಬರೇ ಹೋಗಬೇಡಿ. ಕೊಟ್ಟ ಅರ್ಜಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ವಾಪಸು ಬರಬೇಡಿ.

ಮೂರನೇ ಅಡ್ಡರಸ್ತೆ

ತುಂಬಾ ಉಪಕಾರ ಅಮ್ಮ. ನಮ್ಮ ಸಾಲಿನಲ್ಲಿ ಸ್ವಂತ ಮನೆಯವರು ಇಬ್ಬರೇ. ಬಾಡಿಗೆಯವರ ಸಹಿ ನಡೆಯುತ್ತಾ? ಹೊಸದಾಗಿ ಬಂದವರು, ನಾಳೆ ಹೋಗುವವರು ಅಂತ ತೆಗೆದುಹಾಕುತ್ತಾರಾ?

ವಕೀಲಮ್ಮ

ನಡೆಯುತ್ತದೆ. ಅಲ್ಲಿ ವಾಸ ಇದ್ದರೆ ಸಾಕು. ಹೊಸದಾಗಿ ಬಂದವರ ಮನೆಗೆ ಮೊದಲು ಹೋಗಿ, ಹೆಸರು ಕೇಳಿ, ವಿಷಯ ಹೇಳಿ, ಆಮೇಲೆ ಸಹಿ ಕೇಳಿ. ಅರ್ಜಿಯ ಕರಡು ಇಲ್ಲೇ ಹಾಕಿ, ನಾನು ತಿದ್ದಿಕೊಡುತ್ತೇನೆ.